ಪಶುವೈದ್ಯಕೀಯ ವೃತ್ತಿ ಮಾರ್ಗದರ್ಶನ ಶಿಬಿರ: ಕೊಟ್ಟಿಗೆಗೆ ಐದು ಅಂಕ, ತರಗತಿಗೆ ಎರಡು

ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಿಗಾಗಿ ಖಾಸಗಿ ಸಂಸ್ಥೆಯೊಂದು ನಡೆಸುವ ಎರಡು ದಿನಗಳ ಪಶುವೈದ್ಯಕೀಯ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಮಗಳ ಜೊತೆ ನಾನೂ ಭಾಗವಹಿಸಿದ್ದೆ. ಪೋಷಕರಿಗೂ ಪ್ರವೇಶ ಕೊಡುವುದು ಮೆಚ್ಚತಕ್ಕ ಕ್ರಮ.

ಮೊದಲ ದಿನದ ತರಗತಿ ನಿರಾಸೆ ಮೂಡಿಸಿತು. ಪಶುವೈದ್ಯರಾಗಲು ಓದಬೇಕಾದ ಬಿ.ವಿ.ಎಸ್ಸಿ. ಪದವಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಹಿಡಿಯುತ್ತದೆಂಬುದನ್ನೂ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮೊದಲಾದೆಡೆ ಕಾಲೇಜುಗಳಿವೆಯೆಂಬುದನ್ನೂ ಸರಿಯಾಗಿಯೇ ತಿಳಿಸಿದರು. ಪ್ರವೇಶದ ವಿಷಯಕ್ಕೆ ಬಂದಾಗ ಮಾತ್ರ ಎಲ್ಲಕ್ಕೂ ನೀಟ್ ಎಂದುಬಿಟ್ಟರು. ನೀಟ್ ಅಂಕ ಬೇಕಾಗುವುದು ಅಖಿಲ ಭಾರತ ಕೋಟಾದ ಶೇ 15ರಷ್ಟು ಸೀಟುಗಳಿಗೆ. ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ಮೂಲಕ ಹಂಚುತ್ತದೆ. ಕೃಷಿಕರ ಕೋಟಾ ಮತ್ತು ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯ ಬಗ್ಗೆ, ಹಳ್ಳಿಯ ಮಕ್ಕಳೇ ತುಂಬಿದ್ದ ಆ ಸಭೆಯಲ್ಲಿ ಒಂದು ಮಾತೂ ಬರಲಿಲ್ಲ. ಶುಲ್ಕ ಪಡೆದು ಮಾರ್ಗದರ್ಶನ ಮಾಡುವವರಿಗೆ ಈ ಮರೆವು ಒಪ್ಪುವಂಥದ್ದಲ್ಲ.

ಎರಡನೆಯ ದಿನ ನಮ್ಮನ್ನು ಡೈರಿ ಫಾರಂ ಒಂದಕ್ಕೆ ಕರೆದೊಯ್ದರು. ಅಲ್ಲಿದ್ದ ನಿವೃತ್ತ ಪಶುವೈದ್ಯರು ಭಾಷಣ ಮಾಡದೆ, ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಹಸುವಿನ ಎಡಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿಯುವಂತೆ ಹೇಳಿದರು. ಆರೋಗ್ಯವಂತ ಹಸುವಿನ ಮೇವಿನ ಚೀಲ ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಮುಷ್ಟಿಯನ್ನು ಹೊರದೂಡುತ್ತದೆ, ಮೇವು ಬಿಟ್ಟ ಹಸುವಿನಲ್ಲಿ ಆ ಚಲನೆ ಕುಂದಿರುತ್ತದೆ ಎಂದು ವಿವರಿಸಿದರು. ಭುಜದವರೆಗಿನ ಕೈಗವಸು ತೊಟ್ಟು ಗರ್ಭ ಪರೀಕ್ಷೆ ತೋರಿಸುವಾಗ ಇಬ್ಬರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಕಾಲೇಜಿಗೆ ಸೇರಿದ ಮೇಲೆ ಸರಿಯುವುದಕ್ಕಿಂತ ಇದು ಮೇಲಲ್ಲವೇ? ನಾಯಿ, ಬೆಕ್ಕುಗಳ ಮೇಲಿನ ಅಕ್ಕರೆಯಿಂದ ಈ ಓದನ್ನು ಆರಿಸಿಕೊಳ್ಳುವವರು ದನ, ಎಮ್ಮೆ, ಕುರಿ, ಹಂದಿ, ಕೋಳಿಗಳ ಬಗ್ಗೆಯೂ ಅಷ್ಟೇ ಕಲಿಯಬೇಕೆಂಬುದು ಕೊಟ್ಟಿಗೆಯಲ್ಲಿ ನಿಂತಾಗಲೇ ಮನದಟ್ಟಾಗುತ್ತದೆ. ರೇಬೀಸ್ ಲಸಿಕೆಯನ್ನು ಮುಂಚಿತವಾಗಿಯೇ ಪಡೆಯಬೇಕಾದ ಅಗತ್ಯವನ್ನೂ, ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಿದರೆ ಬ್ರುಸೆಲ್ಲೋಸಿಸ್ ಎಂಬ ಸೋಂಕು ರೋಗ ತಗಲುವ ಅಪಾಯವನ್ನೂ ಆ ವೈದ್ಯರು ಮುಚ್ಚಿಡಲಿಲ್ಲ.

ಉದ್ಯೋಗದ ಮಾತು ಪಶುಪಾಲನಾ ಇಲಾಖೆಯ ಹುದ್ದೆಗಳಿಗೇ ನಿಂತಿತು. ಹಾಲು ಒಕ್ಕೂಟಗಳು, ಕೋಳಿ ಉದ್ಯಮ, ಸೇನೆಯ ಪಶುವೈದ್ಯ ದಳ, ಸ್ವಂತ ಕ್ಲಿನಿಕ್ ಇವುಗಳಿಗೆ ಅರ್ಧ ಗಂಟೆಯನ್ನಾದರೂ ಮೀಸಲಿಡಬಹುದಿತ್ತು.

ಪ್ರವೇಶದ ವಿವರಗಳನ್ನು ಪ್ರಾಧಿಕಾರದ ಅಧಿಸೂಚನೆಯಲ್ಲೇ ಓದಿಕೊಳ್ಳುವವರು ಎರಡನೆಯ ದಿನಕ್ಕಾಗಿಯೇ ಈ ಶಿಬಿರಕ್ಕೆ ಸೇರಬಹುದು. ಆ ಒಂದು ದಿನಕ್ಕೆ ಪ್ರತ್ಯೇಕ ಶುಲ್ಕ ನಿಗದಿಪಡಿಸುವಂತೆ ಸಂಘಟಕರಿಗೆ ಲಿಖಿತವಾಗಿ ಸಲಹೆ ಕೊಟ್ಟಿದ್ದೇನೆ.