ಮುದ್ರಾ ಲೋನ್ ಮಾಡಿಸಿಕೊಡ್ತೀನಿ ಅಂದವನನ್ನು ನಂಬಿ ಕೆಟ್ಟೆ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಕುಚ್ಚು ಹಾಕುತ್ತೇನೆ. ಪಿಕೋಗೆ ಮಾತ್ರ ಸೀರೆ ಹೊರಗೆ ಕಳಿಸಬೇಕಿತ್ತು. ಕಳೆದ ವರ್ಷ ಮದುವೆ ಸೀಸನ್ ಶುರುವಾಗೋ ಮುಂಚೆ ಪಿಕೋ ಮಷೀನ್, ಓವರ್‌ಲಾಕ್ ಎರಡೂ ತಗೊಳ್ಳೋಣ ಅಂತ ಸಾಲಕ್ಕೆ ಓಡಾಡಿದೆ.

ಬ್ಯಾಂಕಿಗೆ ಮೂರು ಸಲ ಹೋದೆ. ಮೊದಲ ಸಲ "ಯಜಮಾನರನ್ನು ಕರ್ಕೊಂಡು ಬನ್ನಿ" ಅಂದರು. ಅಂಗಡಿ ನನ್ನದು, ಅವರು ಯಾಕೆ ಅಂತ ಕೇಳೋ ಧೈರ್ಯ ಆಗ ಇರಲಿಲ್ಲ. ಎರಡನೇ ಸಲ ಐಟಿ ರಿಟರ್ನ್ ಕೇಳಿದರು. ಮೂರನೇ ಸಲ "ಫೀಲ್ಡ್ ಆಫೀಸರ್ ಇಲ್ಲ, ಮುಂದಿನ ವಾರ ನೋಡೋಣ". ಎಲ್ಲವೂ ಬಾಯಿಮಾತು. ನಾನೂ ಅರ್ಜಿ ಅಂತ ಒಂದು ಹಾಳೆ ಕೊಟ್ಟಿರಲಿಲ್ಲ. ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದ್ದರೆ, ಸಾಲ ಇಲ್ಲ ಅನ್ನೋದಕ್ಕೂ ಅವರು ಕಾರಣ ಬರೆದು ಕೊಡಬೇಕಿತ್ತು. ಇದು ಗೊತ್ತಾದದ್ದು ಆಮೇಲೆ.

ಅವನು ಸಿಕ್ಕಿದ್ದು ಬ್ಯಾಂಕಿನ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ. "ಅಕ್ಕಾ, ಸುಮ್ನೆ ಯಾಕೆ ಅಲೆದಾಡ್ತೀರಿ? ಸರ್ಕಾರದ ಮುದ್ರಾ ಯೋಜನೆಯಲ್ಲಿ ಒಂದು ಲಕ್ಷ ಸಾಲ ಮಾಡಿಸಿಕೊಡ್ತೀನಿ. 35 ಪರ್ಸೆಂಟ್ ಸಬ್ಸಿಡಿ ಇದೆ, ಆರು ತಿಂಗಳಲ್ಲಿ ವಾಪಸ್ ಬರುತ್ತೆ" ಅಂದ. ಉದ್ಯಮ್ ಸರ್ಟಿಫಿಕೇಟ್, ಅಂದರೆ ಸಣ್ಣ ಉದ್ಯಮದ ನೋಂದಣಿ ಪತ್ರ, ಮಾಡಿಸಲು 2,500 ತಗೊಂಡ. ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ.

ಒಂದೂವರೆ ರೂಪಾಯಿ ಬಡ್ಡಿ ಅಂದ. ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿ ಅಭ್ಯಾಸ ಇದ್ದವಳಿಗೆ ಅದು ಅಗ್ಗ ಅನಿಸಿತು. ಇಂಗ್ಲಿಷ್‌ನಲ್ಲಿದ್ದ 22 ಪುಟಕ್ಕೆ ಅವನು ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಪಿಯುಸಿ ಓದಿದವಳು ನಾನು, ಒಂದು ಪುಟ ಆದರೂ ಓದಬಹುದಿತ್ತು ಅಲ್ವಾ?

ಖಾತೆಗೆ ಬಂದದ್ದು 94,000. ಪ್ರೊಸೆಸಿಂಗ್ ಫೀ ಜಿಎಸ್‌ಟಿ ಸೇರಿ 3,540, ನಾನು ಕೇಳದ ಇನ್ಶೂರೆನ್ಸ್‌ಗೆ 2,460 ಮೊದಲೇ ಹಿಡಿದುಕೊಂಡಿದ್ದರು. ಅವನು ಕಮಿಷನ್ ಅಂತ ಮತ್ತೆ 5,000 ಕೈಯಲ್ಲಿ ಇಸ್ಕೊಂಡ. ಕಂತು ತಿಂಗಳಿಗೆ 5,667, ಎರಡು ವರ್ಷ.

ಆರು ತಿಂಗಳಾದ ಮೇಲೆ ಸಬ್ಸಿಡಿ ಕೇಳಿದರೆ "ಫೈಲ್ ಬೆಂಗಳೂರಿಗೆ ಹೋಗಿದೆ" ಅಂದ. ಆಮೇಲೆ ಫೋನ್ ಎತ್ತಲಿಲ್ಲ. ಕೊನೆಗೆ ನಮ್ಮ ಸಂಘದ ಒಬ್ಬರು ನನ್ನ ಕಾಗದಗಳನ್ನು ಕುಳಿತು ಓದಿದರು. "ಇದರಲ್ಲಿ ಮುದ್ರಾ ಅನ್ನೋ ಪದವೇ ಇಲ್ಲ ಕಣಮ್ಮ. ಇದು ಖಾಸಗಿ ಫೈನಾನ್ಸ್ ಸಾಲ" ಅಂದರು. ಮುದ್ರಾದಲ್ಲಿ ಸಬ್ಸಿಡಿಯೂ ಇಲ್ಲ, ಅದಕ್ಕೆ ಏಜೆಂಟರೂ ಇಲ್ಲ.

ಒಂದೂವರೆ ರೂಪಾಯಿಯ ಆಟವನ್ನೂ ಅವರೇ ಬಿಡಿಸಿ ಹೇಳಿದರು. ಅದು ಫ್ಲ್ಯಾಟ್ ಬಡ್ಡಿ. ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ ಒಂದು ಲಕ್ಷಕ್ಕೇ ನಡೆಯುತ್ತದೆ. ಕೊನೆಯ ತಿಂಗಳು ಅಸಲು ಉಳಿಯೋದು ನಾಲ್ಕು ಸಾವಿರ ಚಿಲ್ಲರೆ, ಬಡ್ಡಿ ಮಾತ್ರ ಅದೇ 1,500! 19ನೇ ಪುಟದಲ್ಲಿ ಎಪಿಆರ್, ಅಂದರೆ ಸಾಲಕ್ಕೆ ವರ್ಷಕ್ಕೆ ನಿಜವಾಗಿ ಬೀಳುವ ದರ, ಅಂತ ಒಂದು ಸಾಲು ಇತ್ತು. ಹಿಡಿದುಕೊಂಡ ಖರ್ಚೆಲ್ಲ ಸೇರಿ ವರ್ಷಕ್ಕೆ ಶೇಕಡಾ 38 ಚಿಲ್ಲರೆ. ಅವನ ಕಮಿಷನ್ ಅದರಲ್ಲಿ ಸೇರಿಲ್ಲ.

ಸಹಿ ಹಾಕೋ ಮುಂಚೆ ಆ ಪುಟ ಕೇಳಿ. ಅದರ ಹೆಸರು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. 2024ರ ಅಕ್ಟೋಬರ್ 1ರಿಂದ ಇಂಥ ಸಣ್ಣ ವ್ಯಾಪಾರದ ಸಾಲಕ್ಕೂ ಅದನ್ನು ಕೊಡಲೇಬೇಕು, ಅದೂ ನಮಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲಿ ಕೊಡಿ ಅಂತ ಕೇಳಿ. ಕೊಡಲ್ಲ ಅಂದರೆ ಎದ್ದು ಬನ್ನಿ.

ಮುದ್ರಾಗೆ ನೇರವಾಗಿ ಬ್ಯಾಂಕಿನಲ್ಲೇ ಅರ್ಜಿ ಹಾಕಬಹುದು. 50,000ದವರೆಗೆ ಶಿಶು, ಅದರ ಮೇಲೆ 5 ಲಕ್ಷದವರೆಗೆ ಕಿಶೋರ್. ಅಡಮಾನ ಬೇಡ. ಸಬ್ಸಿಡಿಯೇ ಬೇಕು ಅಂದರೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿನಲ್ಲಿ ವಿಚಾರಿಸಿ. ಅದಕ್ಕೂ ಓಡಾಟ ತಪ್ಪಲ್ಲ, ಸುಳ್ಳು ಹೇಳಲ್ಲ.

ನನ್ನ ಕಂತು ಇನ್ನೂ ನಡೀತಿದೆ. ಪಿಕೋ ಮಷೀನ್ ಬಂತು, ಓವರ್‌ಲಾಕ್ ಬರಲಿಲ್ಲ. ಮೊನ್ನೆ ಅದೇ ಝೆರಾಕ್ಸ್ ಅಂಗಡಿ ಮುಂದೆ ಅವನು ನಿಂತಿದ್ದ. ಪಕ್ಕದಲ್ಲಿ ಹಪ್ಪಳ ಮಾಡಿ ಮಾರೋ ಒಬ್ಬಾಕೆ, ಕೈಯಲ್ಲಿ ಆಧಾರ್ ಕಾರ್ಡು. ಆಕೆಯನ್ನು ಟೀ ಅಂಗಡಿಗೆ ಕರ್ಕೊಂಡು ಹೋಗಿ, ಬ್ಯಾಗಿನಲ್ಲಿದ್ದ 19ನೇ ಪುಟ ತೆಗೆದು ತೋರಿಸಿದೆ.