ಜಿಯೋಸ್ಟಾರ್ ಬಳಗ: ಕನ್ನಡದ ಮನೆ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಬಿಗ್‌ಬಾಸ್ ಕನ್ನಡದ ಮೊದಲ ಸೀಸನ್ 2013ರಲ್ಲಿ ಬಂದದ್ದು ಈಟಿವಿ ಕನ್ನಡದಲ್ಲಿ. 2014ರಲ್ಲಿ ಎರಡನೆಯದು ಸುವರ್ಣ ವಾಹಿನಿಗೆ ಹೋಯಿತು. 2015ರಲ್ಲಿ ಮೂರನೆಯದು ಕಲರ್ಸ್ ಕನ್ನಡಕ್ಕೆ, ಅಂದರೆ ಹೆಸರು ಬದಲಾದ ಅದೇ ಈಟಿವಿಗೆ ವಾಪಸ್ ಬಂತು. ಆಗ ಎರಡೂ ಜಿದ್ದಿಗೆ ಬಿದ್ದ ವಾಹಿನಿಗಳು. ಈಗ ಎರಡರ ಯಜಮಾನಿಕೆಯೂ ಒಂದೇ ಕಂಪನಿಯದು: ಜಿಯೋಸ್ಟಾರ್. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಸ್ಟಾರ್ ಸ್ಪೋರ್ಟ್ಸ್‌ನ ಕನ್ನಡ ಚಾನೆಲ್, ಮೊಬೈಲಿನ ಜಿಯೋಹಾಟ್‌ಸ್ಟಾರ್ ಎಲ್ಲವೂ ಅದರವೇ. ಹೆಸರುಗಳು ಬೇರೆ ಬೇರೆ ಇರುವುದರಿಂದ ಬಹಳ ಮನೆಗಳಲ್ಲಿ ಒಂದೇ ಧಾರಾವಾಹಿಗೆ ಕೇಬಲ್‌ನವರಿಗೂ ದುಡ್ಡು ಹೋಗುತ್ತಿದೆ, ಆ್ಯಪ್‌ಗೂ ಹೋಗುತ್ತಿದೆ. ಈ ವಿಮರ್ಶೆ ಮುಖ್ಯವಾಗಿ ಅದರ ಬಗ್ಗೆ.

ಹಿನ್ನೆಲೆ ಇಷ್ಟು. ಸ್ಟಾರ್ ಇಂಡಿಯಾ 2019ರ ಮಾರ್ಚ್‌ನಲ್ಲಿ ಫಾಕ್ಸ್‌ನಿಂದ ಡಿಸ್ನಿಯ ಕೈಗೆ ಬಂತು. ಕಲರ್ಸ್, ಎಂಟಿವಿ, ನಿಕ್ ನಡೆಸುತ್ತಿದ್ದ ವಯಾಕಾಂ18 ರಿಲಯನ್ಸ್ ಕಡೆಯದು. ಎರಡನ್ನೂ ಸೇರಿಸುವ ಒಪ್ಪಂದ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಕಂಪನಿಗಳ ಪೈಪೋಟಿಯ ಮೇಲೆ ಕಣ್ಣಿಡುವ ಸ್ಪರ್ಧಾ ಆಯೋಗ ಆಗಸ್ಟ್‌ನಲ್ಲಿ ಷರತ್ತು ಹಾಕಿ ಒಪ್ಪಿತು, ನವೆಂಬರ್ 14ಕ್ಕೆ ವಿಲೀನ ಮುಗಿಯಿತು. ರಿಲಯನ್ಸ್ 11,500 ಕೋಟಿ ರೂಪಾಯಿ ಹಾಕಿತು, ಒಟ್ಟು ಮೌಲ್ಯವನ್ನು 70,352 ಕೋಟಿ ಎಂದು ಲೆಕ್ಕ ಹಿಡಿದರು. ರಿಲಯನ್ಸ್‌ಗೆ ನೇರವಾಗಿ 16.34%, ವಯಾಕಾಂ18 ಮೂಲಕ 46.82%, ಡಿಸ್ನಿಗೆ 36.84% ಪಾಲು. ತೆಲುಗಿನ ಸ್ಟಾರ್ ಮಾ, ತಮಿಳಿನ ಸ್ಟಾರ್ ವಿಜಯ್, ಮಲಯಾಳಂನ ಏಷ್ಯಾನೆಟ್, ಮರಾಠಿಯ ಸ್ಟಾರ್ ಪ್ರವಾಹ್ ಇವೂ ಇದೇ ಬಳಗ. ಸ್ಪೋರ್ಟ್ಸ್18 ಚಾನೆಲ್‌ಗಳು 2025ರ ಮಾರ್ಚ್‌ನಲ್ಲಿ ಸ್ಟಾರ್ ಸ್ಪೋರ್ಟ್ಸ್ ಹೆಸರಿಗೆ ಸೇರಿಹೋದವು.

ಈ ಬಳಗಕ್ಕೆ ಸೇರದವು ಯಾವುವು ಎನ್ನುವುದನ್ನೂ ತಿಳಿದಿರಬೇಕು, ಕೇಬಲ್ ಆಪರೇಟರ್‌ಗೆ ಫೋನ್ ಮಾಡುವಾಗ ಎಡವಟ್ಟಾಗುವುದು ಇಲ್ಲೇ. ಸುವರ್ಣ ನ್ಯೂಸ್ ಸ್ಟಾರ್‌ನದಲ್ಲ, ಅದು ಬೇರೆ ಕಂಪನಿ. ಬರೀ "ಸುವರ್ಣ ಹಾಕಿ" ಎಂದರೆ ಸುದ್ದಿ ವಾಹಿನಿಯಷ್ಟೇ ಚಾಲೂ ಆಗಿ, ರಾತ್ರಿ ಧಾರಾವಾಹಿಯ ಹೊತ್ತಿಗೆ ಪರದೆಯ ಮೇಲೆ "ಈ ಚಾನೆಲ್‌ಗೆ ಚಂದಾ ಇಲ್ಲ" ಎಂದು ಬರಬಹುದು. ನ್ಯೂಸ್18 ಕನ್ನಡ ರಿಲಯನ್ಸ್ ಕಡೆಯದಾದರೂ ನೆಟ್‌ವರ್ಕ್18ಗೆ ಸೇರಿದ್ದು, ಜಿಯೋಸ್ಟಾರ್‌ಗಲ್ಲ. ಜೀ ಕನ್ನಡ ಜೀ ಸಂಸ್ಥೆಯದು, ಉದಯ ಸನ್ ಸಂಸ್ಥೆಯದು. ಇವು ಯಾವುವೂ ಜಿಯೋಸ್ಟಾರ್ ಪ್ಯಾಕ್‌ನಲ್ಲಿ ಬರುವುದಿಲ್ಲ. ಜೀ ಧಾರಾವಾಹಿ ಜೀ5ರಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ ಸಿಗುತ್ತದೆಯೇ ಹೊರತು ಜಿಯೋಹಾಟ್‌ಸ್ಟಾರ್‌ನಲ್ಲಿ ಹುಡುಕಿ ಫಲವಿಲ್ಲ.

ಮೊದಲು ಟಿವಿಯ ಲೆಕ್ಕ. ಕೇಬಲ್, ಡಿಟಿಎಚ್ ದರಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಪ್ರತಿ ಪಾವತಿ ಚಾನೆಲ್ಲನ್ನೂ ಬಿಡಿಯಾಗಿ ಕೊಳ್ಳಬಹುದು. ಪ್ಯಾಕ್ ತೆಗೆದುಕೊಳ್ಳಲೇಬೇಕು ಎಂದು ಯಾರೂ ಒತ್ತಾಯಿಸುವಂತಿಲ್ಲ. ಚಾನೆಲ್‌ನ ದರ ಸೆಟ್‌ಟಾಪ್ ಬಾಕ್ಸ್‌ನ ಗೈಡ್‌ನಲ್ಲೇ ಇರಬೇಕು. ಅಲ್ಲಿ ಕಾಣುವ ದರಕ್ಕೆ ತೆರಿಗೆ ಸೇರಿರುವುದಿಲ್ಲ, 18% ಜಿಎಸ್‌ಟಿ ಮೇಲೆ ಬೀಳುತ್ತದೆ. 19 ರೂಪಾಯಿ ಎಂದಿದ್ದರೆ ಕೈಯಿಂದ ಹೋಗುವುದು 22 ರೂಪಾಯಿ 42 ಪೈಸೆ. 19 ರೂಪಾಯಿ ಸುಮ್ಮನೆ ಹೇಳಿದ ಅಂಕಿಯಲ್ಲ. ಅದಕ್ಕಿಂತ ಹೆಚ್ಚಿನ ದರದ ಚಾನೆಲ್ಲನ್ನು ಪ್ಯಾಕ್‌ಗೆ ಸೇರಿಸುವಂತಿಲ್ಲ ಎಂಬ ಮಿತಿ ಅದು. ಒಂದು ಚಾನೆಲ್ ದಿಢೀರನೆ ನಿಮ್ಮ ಪ್ಯಾಕ್‌ನಿಂದ ಮಾಯವಾದರೆ ಮೊದಲು ಈ ಕಾರಣವನ್ನೇ ನೋಡಿ.

ಪ್ಯಾಕ್‌ಗಳಲ್ಲಿ ಎರಡು ಜಾತಿ. ಒಂದು ಪ್ರಸಾರಕರದು, ಅಂದರೆ ಚಾನೆಲ್ ನಡೆಸುವ ಕಂಪನಿಯದು, ಅದರಲ್ಲಿ ಒಂದೇ ಬಳಗದ ಚಾನೆಲ್‌ಗಳು ಮಾತ್ರ. ಇನ್ನೊಂದು ಕೇಬಲ್ ಅಥವಾ ಡಿಟಿಎಚ್ ಕಂಪನಿ ತಾನೇ ಕಟ್ಟಿದ್ದು, ಜೀ, ಸನ್, ಸ್ಟಾರ್ ಎಲ್ಲ ಬೆರೆತಿರುತ್ತದೆ. ಈ ಎರಡರಲ್ಲಿ ಯಾವುದರಿಂದಲೂ ಒಂದು ಚಾನೆಲ್ ಮಾತ್ರ ಕಿತ್ತುಹಾಕಲು ಆಗುವುದಿಲ್ಲ, ಇಡೀ ಪ್ಯಾಕ್ ಬಿಡಬೇಕಾಗುತ್ತದೆ. ಬಿಡುವ ಮುನ್ನ ಕಾಗದದ ಮೇಲೆ ಒಂದು ಸಣ್ಣ ಕೂಡುವ ಲೆಕ್ಕ ಮಾಡಿ: ಮನೆಯಲ್ಲಿ ನಿಜವಾಗಿ ನೋಡುವ ಚಾನೆಲ್‌ಗಳ ಬಿಡಿ ದರ ಎಷ್ಟಾಗುತ್ತದೆ, ಪ್ಯಾಕ್ ದರ ಎಷ್ಟು. ಪ್ರಸಾರಕರ ಪ್ಯಾಕ್‌ಗೆ 45%ರವರೆಗೆ ರಿಯಾಯಿತಿ ಕೊಡಲು ಅವಕಾಶವಿರುವುದರಿಂದ ಮೂರು ನಾಲ್ಕು ಚಾನೆಲ್ ನೋಡುವವರಿಗೆ ಪ್ಯಾಕೇ ಅಗ್ಗವಾಗುವುದುಂಟು. ಕಲರ್ಸ್ ಕನ್ನಡ ಒಂದನ್ನೇ, ಅಥವಾ ಅದರ ಜೊತೆ ಸ್ಟಾರ್ ಸುವರ್ಣ ಅಷ್ಟೇ ನೋಡುವ ಮನೆಗೆ ಬಿಡಿಯೇ ಲೇಸು. ಹಿಂದಿ ಧಾರಾವಾಹಿ, ಇಂಗ್ಲಿಷ್ ಚಾನೆಲ್ ತುಂಬಿದ ಪ್ಯಾಕ್ ಆ ಮನೆಗೆ ದಂಡ.

ಬಿಲ್ಲಿನಲ್ಲಿ ಸದ್ದಿಲ್ಲದೆ ಸೋರುವ ದುಡ್ಡು ಎಚ್‌ಡಿ (ಹೆಚ್ಚು ಸ್ಪಷ್ಟ ಚಿತ್ರ) ಮತ್ತು ಎಸ್‌ಡಿ (ಸಾಧಾರಣ ಚಿತ್ರ) ಜೋಡಿಯದು. ಒಂದೇ ಪ್ಯಾಕ್‌ನಲ್ಲಿ ಒಂದೇ ಚಾನೆಲ್‌ನ ಎರಡೂ ರೂಪ ಇರುವಂತಿಲ್ಲ. ಆದರೆ ಪ್ಯಾಕ್‌ನಲ್ಲಿ ಎಸ್‌ಡಿ ಇದ್ದು, ಬಿಡಿಯಾಗಿ ಎಚ್‌ಡಿ ಸೇರಿಸಿಕೊಂಡರೆ ಅದೇ ಕಲರ್ಸ್ ಕನ್ನಡಕ್ಕೆ ಎರಡು ಸಲ ಕಟ್ಟಿದಂತೆ. ಬಿಲ್ಲಿನ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಕಡೆ ಬಂದಿದೆಯೇ ಎಂದು ನೋಡಿ ಒಂದನ್ನು ತೆಗೆಸಿ. ಚಾನೆಲ್ ದರದ ಮೇಲೆ ಜಾಲದ ಶುಲ್ಕವೂ ಇದೆ, ಅಂದರೆ ಕೇಬಲ್ ಅಥವಾ ಡಿಟಿಎಚ್ ಕಂಪನಿ ಸಂಪರ್ಕಕ್ಕೆಂದು ಹಾಕುವ ತಿಂಗಳ ಶುಲ್ಕ. 200 ಎಸ್‌ಡಿ ಚಾನೆಲ್‌ಗೆ 130 ರೂಪಾಯಿ ಮೀರಬಾರದು ಎಂಬ ಮಿತಿಯನ್ನು ಟ್ರಾಯ್ 2024ರ ಜುಲೈನಲ್ಲಿ ತೆಗೆದುಹಾಕಿತು. ಹಾಗಾಗಿ ಇಬ್ಬರು ಆಪರೇಟರ್‌ಗಳನ್ನು ಹೋಲಿಸುವಾಗ ಪ್ಯಾಕ್ ದರವನ್ನಷ್ಟೇ ಹೋಲಿಸಿದರೆ ಮೋಸ ಹೋಗುತ್ತೀರಿ. ತಿಂಗಳಿಗೆ ಒಟ್ಟು ಎಷ್ಟು ಎಂದೇ ಕೇಳಬೇಕು.

ಇನ್ನು ಆ್ಯಪ್. ಕಲರ್ಸ್ ಕನ್ನಡದ ಕಂತುಗಳು ಮೊದಲು ವಯಾಕಾಂ18ರ ವೂಟ್ ಆ್ಯಪ್‌ನಲ್ಲಿದ್ದವು, 2023ರಲ್ಲಿ ಜಿಯೋಸಿನಿಮಾಗೆ ಬಂದವು. ಸುವರ್ಣದವು ಹಾಟ್‌ಸ್ಟಾರ್‌ನಲ್ಲಿದ್ದವು. 2025ರ ಫೆಬ್ರವರಿ 14ರಿಂದ ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲಿ. ಎರಡು ಆ್ಯಪ್‌ಗೆ ಕಟ್ಟುತ್ತಿದ್ದವರಿಗೆ ಇದು ನಿಜವಾದ ಅನುಕೂಲ. ಶುರುವಾದಾಗಿನ ದರ ಹೀಗಿತ್ತು: ಮೊಬೈಲ್ ಪ್ಲಾನ್ ಮೂರು ತಿಂಗಳಿಗೆ 149, ವರ್ಷಕ್ಕೆ 499 ರೂಪಾಯಿ. ಸೂಪರ್ 299 ಮತ್ತು 899. ಪ್ರೀಮಿಯಂ ತಿಂಗಳಿಗೆ 299, ಮೂರು ತಿಂಗಳಿಗೆ 499, ವರ್ಷಕ್ಕೆ 1,499. ದರ ಬದಲಾಗುತ್ತಲೇ ಇರುತ್ತದೆ, ಕಟ್ಟುವ ದಿನ ಆ್ಯಪ್‌ನಲ್ಲಿ ಇರುವುದೇ ಅಂತಿಮ. ಲೆಕ್ಕ ಹಾಕುವ ಬಗೆ ಮಾತ್ರ ಬದಲಾಗದು: ಸೂಪರ್ ಪ್ಲಾನ್ನನ್ನು ಮೂರು ಮೂರು ತಿಂಗಳಿಗೆ ನಾಲ್ಕು ಸಲ ಕಟ್ಟಿದರೆ 1,196 ಆಗುತ್ತಿತ್ತು, ವರ್ಷದ್ದಾದರೆ 899. ಬರೀ ಐಪಿಎಲ್ ನೋಡುವವರಿಗೆ ಮೂರು ತಿಂಗಳದ್ದೇ ಸಾಕು, ಇಡೀ ಪಂದ್ಯಾವಳಿ ಅದರೊಳಗೆ ಮುಗಿಯುತ್ತದೆ.

ಪ್ಲಾನ್ ಆರಿಸುವಾಗ ಜನ ತಪ್ಪುವುದು ಬೆಲೆಯಲ್ಲಲ್ಲ, ಪರದೆಯಲ್ಲಿ. ಮೊಬೈಲ್ ಪ್ಲಾನ್ ಒಂದೇ ಫೋನಿಗೆ, ಟಿವಿಯಲ್ಲಿ ತೆರೆಯುವುದಿಲ್ಲ. ಮನೆಯ ಹಿರಿಯರಿಗೆ ಧಾರಾವಾಹಿ ತೋರಿಸಲೆಂದು ಅದನ್ನು ಕೊಂಡರೆ ದುಡ್ಡು ದಂಡವಾಯಿತೆಂದೇ ಅರ್ಥ. ಸೂಪರ್‌ನಲ್ಲಿ ಏಕಕಾಲಕ್ಕೆ ಎರಡು ಪರದೆ, 1080 ಗುಣಮಟ್ಟ, ಜಾಹೀರಾತು ಇರುತ್ತದೆ. ಪ್ರೀಮಿಯಂನಲ್ಲಿ ನಾಲ್ಕು ಪರದೆ, 4ಕೆ, ಜಾಹೀರಾತು ಇಲ್ಲ. ಆದರೆ ನೇರಪ್ರಸಾರದ ಕ್ರೀಡೆಯಲ್ಲಿ ಪ್ರೀಮಿಯಂನವರಿಗೂ ಜಾಹೀರಾತು ತಪ್ಪುವುದಿಲ್ಲ. ಕ್ರಿಕೆಟ್‌ಗಾಗಿಯೇ ಪ್ರೀಮಿಯಂ ಕೊಳ್ಳುವುದು ಆ ಕಾರಣಕ್ಕೆ ವ್ಯರ್ಥ. ನಮ್ಮ ಧಾರಾವಾಹಿಗಳು 4ಕೆಯಲ್ಲಿ ಬರುವುದೂ ಇಲ್ಲ. ಕನ್ನಡ ಕಂತು ಮತ್ತು ಕ್ರಿಕೆಟ್ ನೋಡುವ ಮನೆಗೆ ಸೂಪರ್ ಸರಿಯಾದ ಅಳತೆ. ಹಾಲಿವುಡ್, ಎಚ್‌ಬಿಒ ಸರಣಿಗಳನ್ನು ದೊಡ್ಡ ಟಿವಿಯಲ್ಲಿ ನೋಡುವವರು ಮಾತ್ರ ಪ್ರೀಮಿಯಂ ಕಡೆ ಹೋಗಲಿ. ಫೋನಿನ ರೀಚಾರ್ಜ್ ಜೊತೆ ಉಚಿತ ಎಂದು ಬರುವ ಚಂದಾ ಟಿವಿಗೂ ಆಗುತ್ತದೆಯೇ, ಎಷ್ಟು ದಿನದ್ದು ಎನ್ನುವುದನ್ನು ರೀಚಾರ್ಜ್‌ಗೆ ಮೊದಲೇ ಓದಿಕೊಳ್ಳಿ.

ಕ್ರಿಕೆಟ್‌ನ ವಿಷಯವಂತೂ ಈ ವಿಲೀನದ ಪರಿಣಾಮವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. 2023ರಿಂದ 27ರವರೆಗಿನ ಐಪಿಎಲ್ ಹಕ್ಕಿನ ಹರಾಜಿನಲ್ಲಿ ಟಿವಿ ಹಕ್ಕನ್ನು ಸ್ಟಾರ್ 23,575 ಕೋಟಿಗೆ, ಭಾರತದ ಡಿಜಿಟಲ್ ಹಕ್ಕನ್ನು ವಯಾಕಾಂ18 20,500 ಕೋಟಿಗೆ ಹಿಡಿದವು. ಇಬ್ಬರು ಎದುರಾಳಿಗಳಿದ್ದಾಗ, 2023ರಲ್ಲಿ, ಜಿಯೋಸಿನಿಮಾ ಇಡೀ ಐಪಿಎಲ್ಲನ್ನು ಉಚಿತವಾಗಿ ತೋರಿಸಿತು. ಎರಡೂ ಒಂದಾದ ಮೇಲೆ 2025ರಲ್ಲಿ, ಆರ್‌ಸಿಬಿ ಕಪ್ ಎತ್ತಿದ ವರ್ಷವೇ, ಪೂರ್ತಿ ಪಂದ್ಯ ನೋಡಲು ಚಂದಾ ಅಥವಾ ಚಂದಾ ಸೇರಿದ ರೀಚಾರ್ಜ್ ಬೇಕಾಯಿತು. ಪೈಪೋಟಿ ಹೋದರೆ ನೋಡುಗರ ಜೇಬಿಗೆ ಏನಾಗುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕನ್ನಡ ಕಾಮೆಂಟರಿ ಎರಡೂ ಕಡೆ ಸಿಗುತ್ತದೆ. ಟಿವಿಯಲ್ಲಾದರೆ ಪ್ಯಾಕ್‌ನಲ್ಲಿ ಬರೀ "ಸ್ಟಾರ್ ಸ್ಪೋರ್ಟ್ಸ್" ಇದ್ದರೆ ಸಾಲದು, ಕನ್ನಡದ ಚಾನೆಲ್ ಬೇರೆಯದೇ, ಅದನ್ನು ಹೆಸರು ಹೇಳಿ ಕೇಳಬೇಕು. ಆ್ಯಪ್‌ನಲ್ಲಿ ಪಂದ್ಯ ತೆರೆದ ಮೇಲೆ ಭಾಷೆಯ ಗುರುತು ಒತ್ತಿ ಕನ್ನಡ ಆರಿಸಿಕೊಳ್ಳಿ. ಆದರೆ ಡಿಟಿಎಚ್‌ಗಿಂತ ಆ್ಯಪ್ ಹಿಂದೆ ಓಡುತ್ತದೆ. ಚಿತ್ರವನ್ನು ತುಂಡು ತುಂಡಾಗಿ ಸಂಕೇತಿಸಿ, ಒಂದಷ್ಟು ತುಂಡನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ತೋರಿಸುವುದರಿಂದ ಈ ವಿಳಂಬ. ಇಂಟರ್ನೆಟ್ ಎಷ್ಟೇ ವೇಗದ್ದಿದ್ದರೂ ಪೂರ್ತಿ ಹೋಗುವುದಿಲ್ಲ. ಸೆಕೆಂಡಿಗೆ 5 ಮೆಗಾಬಿಟ್ ದರದಲ್ಲಿ ಚಿತ್ರ ಬಂದರೆ ಗಂಟೆಗೆ ಸುಮಾರು 2.25 ಜಿಬಿ, ಮೂರೂವರೆ ಗಂಟೆಯ ಪಂದ್ಯಕ್ಕೆ ಎಂಟು ಜಿಬಿ ಹತ್ತಿರ. ದಿನಕ್ಕೆ 1.5 ಜಿಬಿ ರೀಚಾರ್ಜ್‌ನವರು ಗುಣಮಟ್ಟವನ್ನು ಕೈಯಾರೆ ಇಳಿಸದಿದ್ದರೆ ಮೊದಲ ಇನ್ನಿಂಗ್ಸ್ ಮುಗಿಯುವ ಮೊದಲೇ ಡೇಟಾ ಮುಗಿಯುತ್ತದೆ. ವೈಫೈ ಇಲ್ಲದ ಮನೆಗೆ ಕ್ರಿಕೆಟ್ ವಿಷಯದಲ್ಲಿ ಕೇಬಲ್ಲೇ ಮೇಲು.

ಆ್ಯಪ್‌ನ ಕನ್ನಡ ಭಂಡಾರದ ಬಗ್ಗೆ ಬೇಸರವಿದೆ. ವಾಹಿನಿಯ ಧಾರಾವಾಹಿ, ರಿಯಾಲಿಟಿ ಶೋಗಳು ಧಾರಾಳವಾಗಿವೆ, ತಪ್ಪಿದ ಕಂತು ನೋಡಲು ಒಳ್ಳೆಯ ವ್ಯವಸ್ಥೆ. ಆದರೆ ಇದೇ ಕಂಪನಿ ಮಲಯಾಳಂ, ತಮಿಳು, ತೆಲುಗಿನಲ್ಲಿ ಸ್ವಂತ ವೆಬ್ ಸರಣಿಗಳಿಗೆ ಹಾಕಿದಷ್ಟು ದುಡ್ಡನ್ನು ಕನ್ನಡಕ್ಕೆ ಹಾಕಿಲ್ಲ. ಕನ್ನಡಕ್ಕೆ ಸಿಕ್ಕಿದ್ದು ಹೆಚ್ಚಾಗಿ ಡಬ್ಬಿಂಗ್. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುತ್ತಿದ್ದ ಸಂಘಟನೆಗಳಿಗೆ ದಂಡ ಹಾಕಿದ ಮೇಲೆ ದಾರಿ ತೆರೆಯಿತು. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಬಂದ ಕನ್ನಡದ ಮಹಾಭಾರತವನ್ನು ಜನ ಮೆಚ್ಚಿ ನೋಡಿದರು. ಡಬ್ಬಿಂಗ್ ಬೇಡವೆಂದಲ್ಲ, ಚೆನ್ನಾಗಿ ಮಾಡಿದ ಡಬ್ಬಿಂಗ್‌ನಿಂದ ಮಕ್ಕಳಿಗೂ ಅಜ್ಜಿಯರಿಗೂ ಲಾಭವಿದೆ. ಆದರೆ ಇಷ್ಟು ದೊಡ್ಡ ಬಳಗಕ್ಕೆ ಕನ್ನಡದಲ್ಲೇ ಹುಟ್ಟಿದ ಕಥೆಗಳಿಗೆ ದುಡ್ಡು ಹಾಕುವ ಶಕ್ತಿ ಇದೆ, ಅದನ್ನು ಕೇಳುವ ಹಕ್ಕು ಚಂದಾ ಕಟ್ಟುವ ಕನ್ನಡಿಗರಿಗೆ ಇದೆ.

ಕೊಂಡ ಮೇಲೆ ಎರಡು ಎಚ್ಚರಿಕೆ. ಲಾಗಿನ್ ಮೊಬೈಲ್ ನಂಬರಿಗೆ ಬರುವ ಒಟಿಪಿಯಿಂದ. ರೀಚಾರ್ಜ್ ಮಾಡದೆ ಬಿಟ್ಟ ಎರಡನೇ ಸಿಮ್ ನಂಬರಿನಲ್ಲಿ ವರ್ಷದ ಚಂದಾ ಕಟ್ಟಬೇಡಿ, ಸಿಮ್ ಸತ್ತರೆ ಒಳಗೆ ಹೋಗುವ ದಾರಿಯೇ ಇರುವುದಿಲ್ಲ. ಎರಡನೆಯದು ತಾನಾಗಿ ನವೀಕರಣವಾಗುವ ಪಾವತಿ. ಆ್ಯಪ್ ಅಳಿಸಿದರೆ ಅದು ನಿಲ್ಲುವುದಿಲ್ಲ. ಯುಪಿಐಯಲ್ಲಿ ಕಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನ ಆಟೊಪೇ ವಿಭಾಗಕ್ಕೆ ಹೋಗಿ ಆ ಅನುಮತಿ ರದ್ದು ಮಾಡಬೇಕು. ಪ್ಲೇ ಸ್ಟೋರ್ ಮೂಲಕ ಕೊಂಡಿದ್ದರೆ ಅಲ್ಲಿನ ಚಂದಾ ಪಟ್ಟಿಯಲ್ಲೇ ನಿಲ್ಲಿಸಬೇಕು. ದುಡ್ಡು ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕೆಂಬ ನಿಯಮವಿದೆ, ಆದರೂ ಅದನ್ನು ನಂಬಿ ಕೂರದೆ, ಐಪಿಎಲ್‌ಗಾಗಿ ಕೊಂಡವರು ಕೊಂಡ ದಿನವೇ ಆಟೊಪೇ ರದ್ದು ಮಾಡಿಬಿಡಿ. ಕಟ್ಟಿದ ಅವಧಿ ಮುಗಿಯುವವರೆಗೆ ಚಂದಾ ಹಾಗೆಯೇ ನಡೆಯುತ್ತದೆ.