ಟಿ-ಜೆಟ್, ಮ್ಯಾಗ್ನಾ-ಟ್ರ್ಯಾಕ್ಷನ್, 440-ಎಕ್ಸ್2: ಹಳೆಯ ಸ್ಲಾಟ್ ಕಾರುಗಳಲ್ಲಿ ಇಂದಿಗೂ ಓಡಿಸಲು ಯಾವುದು ಚೆಂದ?

ಸ್ಲಾಟ್ ಕಾರು ಎಂದರೆ ಟ್ರ್ಯಾಕಿನ ಸೀಳಿನಲ್ಲಿ ಸಾಗುತ್ತ, ಉಕ್ಕಿನ ಹಳಿಗಳಿಂದ ಕರೆಂಟು ಪಡೆದು ಓಡುವ ಆಟಿಕೆ ಕಾರು; ಕೈಯಲ್ಲಿನ ಕಂಟ್ರೋಲರ್ ಒತ್ತಿದಷ್ಟು ವೇಗ. ಅದರಲ್ಲಿ ಎಚ್‌ಒ ಎಂಬ ಚಿಕ್ಕ ಅಳತೆಯ ಹಳೆಯ ಕಾರು ಕೊಳ್ಳಹೊರಟವರಿಗೆ ಮೊದಲು ಎದುರಾಗುವ ಹೆಸರು ಮೂರು. ಅಮೆರಿಕದ ಅರೋರಾ ಕಂಪನಿ 1963ರಲ್ಲಿ ತಂದ ಥಂಡರ್‌ಜೆಟ್ 500, ಅಂದರೆ ಎಲ್ಲರ ಬಾಯಲ್ಲೂ ಟಿ-ಜೆಟ್; ಅದೇ ಕಂಪನಿಯ ಎಎಫ್‌ಎಕ್ಸ್ ಸಾಲಿನಲ್ಲಿ ಎಪ್ಪತ್ತರ ದಶಕದ ನಡುವೆ ಬಂದ ಮ್ಯಾಗ್ನಾ-ಟ್ರ್ಯಾಕ್ಷನ್; ಎಂಬತ್ತರ ದಶಕದ, ಟೈಕೊ ಕಂಪನಿಯ 440-ಎಕ್ಸ್2. ಮೂರೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಒಂದೇ ಟ್ರ್ಯಾಕಿನಲ್ಲಿ 18 ವೋಲ್ಟ್ ಡಿಸಿ ಕೊಟ್ಟು ಓಡಿಸಿ ನೋಡಿದರೆ ಮೂರೂ ಬೇರೆ ಬೇರೆ ಆಟಗಳೇ ಅನ್ನಿಸುತ್ತವೆ. ವೇಗ ಬೇಕಿದ್ದರೆ ಟೈಕೊ. ಓಡಿಸುವ ಸುಖ ಬೇಕಿದ್ದರೆ ಟಿ-ಜೆಟ್. ಕಾರಣ ಮ್ಯಾಗ್ನೆಟ್.

ಟಿ-ಜೆಟ್‌ನ ಮೋಟಾರು ದೋಸೆಯ ಹಾಗೆ ಚಪ್ಪಟೆ. ಆರ್ಮೇಚರ್‌ನ, ಅಂದರೆ ಮೋಟಾರಿನೊಳಗೆ ತಿರುಗುವ ಭಾಗದ, ಶಾಫ್ಟ್ ನೆಟ್ಟಗೆ ನಿಂತಿರುತ್ತದೆ, ಗೇರುಗಳು ಮೇಲಿನ ಪ್ಲೇಟಿನಲ್ಲಿ ಸಾಲಾಗಿ ಕೂತಿರುತ್ತವೆ, ಕೊನೆಯ ಗೇರಿನ ಶಾಫ್ಟ್ ಕೆಳಗಿಳಿದು ಪಿನಿಯನ್ ಎಂಬ 9 ಹಲ್ಲಿನ ಚಿಕ್ಕ ಗೇರಿನಿಂದ ಹಿಂದಿನ ಆಕ್ಸಲ್‌ನ 15 ಹಲ್ಲಿನ ಕ್ರೌನ್ ಗೇರನ್ನು ತಿರುಗಿಸುತ್ತದೆ. ಎರಡು ಮ್ಯಾಗ್ನೆಟ್‌ಗಳಿರುವುದು ಮೋಟಾರಿಗಾಗಿ ಮಾತ್ರ. ಅವು ಉಕ್ಕಿನ ಹಳಿಯನ್ನು ಎಳೆದುಕೊಳ್ಳುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತಿರುವಿನಲ್ಲಿ ಕಾರನ್ನು ಹಿಡಿದಿಡುವುದು ಅದರ ತೂಕ ಮತ್ತು ಟೈರಿನ ಹಿಡಿತ, ಅಷ್ಟೇ. ಬಾಲ ಮೊದಲು ಜಾರುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಹೆಬ್ಬೆರಳನ್ನು ಸಡಿಲಿಸಲು ಸಮಯ ಸಿಗುತ್ತದೆ. ಈ ಆಟದ ರುಚಿ ಇರುವುದೇ ಇಲ್ಲಿ.

ಬಿಚ್ಚಿ ಶುಚಿ ಮಾಡುವುದೂ ಸುಲಭ, ಎಡವಟ್ಟಾಗುವ ಜಾಗಗಳು ಗೊತ್ತಿದ್ದರೆ. ಮ್ಯಾಗ್ನೆಟ್ ತೆಗೆಯುವ ಮೊದಲು ಎರಡರ ಮೇಲ್ಮುಖಕ್ಕೂ ಮಾರ್ಕರ್‌ನಿಂದ ಗುರುತು ಹಾಕಿ, ಮುಂದಿನದು ಯಾವುದು ಎಂದೂ ಬರೆದಿಡಿ. ಎರಡರ ಧ್ರುವವೂ ತಿರುಗಿದರೆ ಕಾರು ಹಿಂದಕ್ಕೆ ಓಡುತ್ತದೆ. ಒಂದೇ ತಿರುಗಿದರೆ ಮೋಟಾರು ಸರಿಯಾಗಿ ತಿರುಗುವುದೇ ಇಲ್ಲ. ಎಣ್ಣೆಯನ್ನು ಸೂಜಿಯ ತುದಿಯಿಂದ ಗೇರ್ ಶಾಫ್ಟ್‌ಗಳಿಗೆ, ಆರ್ಮೇಚರ್ ಶಾಫ್ಟಿನ ತುದಿಗೆ, ಆಕ್ಸಲ್‌ಗಳಿಗೆ ಮಾತ್ರ ಮುಟ್ಟಿಸಬೇಕು. ಹೆಚ್ಚಾದ ಎಣ್ಣೆ ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಕಮ್ಯುಟೇಟರಿಗೆ ಇಳಿದು, ಅದಕ್ಕೆ ಉಜ್ಜುವ ಬ್ರಷ್ಷಿನ ಕಾರ್ಬನ್ ಪುಡಿಯ ಜೊತೆ ಕಲಸಿ ಕಪ್ಪು ಕೆಸರಾಗುತ್ತದೆ, ಕಾರು ತಡವರಿಸತೊಡಗುತ್ತದೆ. ಶುಚಿ ಮಾಡಿದ ಮೇಲೂ ಜೀವ ಬರದಿದ್ದರೆ ಬ್ರಷ್ಷಿನಡಿಯ ತಗಡಿನ ಸ್ಪ್ರಿಂಗ್ ಚಪ್ಪಟೆಯಾಗಿರಬಹುದು. ಕೂದಲೆಳೆಯಷ್ಟು ಮೇಲೆತ್ತಿದರೆ ಸಾಕು. ಜಾಸ್ತಿ ಎತ್ತಿದರೆ ಬ್ರಷ್ ಉಜ್ಜಿ ವೇಗ ಕುಗ್ಗುತ್ತದೆ.

ಮ್ಯಾಗ್ನಾ-ಟ್ರ್ಯಾಕ್ಷನ್‌ನಲ್ಲೂ ಅದೇ ಚಪ್ಪಟೆ ಮೋಟಾರು. ಆದರೆ ಮ್ಯಾಗ್ನೆಟ್‌ಗಳನ್ನು ಚಾಸಿಯ ತಳದವರೆಗೆ ಉದ್ದ ಮಾಡಿದ್ದರಿಂದ ಅವು ಹಳಿಯನ್ನೂ ಸೆಳೆಯುತ್ತವೆ. ಪಿನಿಯನ್ 14 ಹಲ್ಲಿನದು, ಹಾಗಾಗಿ ಚಕ್ರ ಬೇಗ ತಿರುಗುತ್ತದೆ; ನೇರ ದಾರಿಯಲ್ಲಿ ಟಿ-ಜೆಟ್ ಇದರ ಹತ್ತಿರಕ್ಕೂ ಸುಳಿಯದು. ತಿರುವಿನಲ್ಲಿ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಹಿಡಿತ ತಪ್ಪಿದರೆ ಮುನ್ಸೂಚನೆ ಕಡಿಮೆ. ಇಲ್ಲಿ ಟೈರಿನ ವ್ಯಾಸವೇ ಟ್ಯೂನಿಂಗ್. ಸವೆದ ಟೈರಿನಿಂದ ಮ್ಯಾಗ್ನೆಟ್ ಕೆಳಗಿಳಿದರೆ ಸೆಳೆತ ಹೆಚ್ಚುತ್ತದೆ, ಜೊತೆಗೆ ಮೋಟಾರಿನ ಬಿಸಿಯೂ. ಟ್ರ್ಯಾಕಿನ ಜೋಡಣೆಯಲ್ಲಿ ಹಳಿ ಚೂರು ಎದ್ದಿದ್ದರೂ ಅಡಿ ಉಜ್ಜುತ್ತದೆ.

440-ಎಕ್ಸ್2 ಬಗ್ಗೆ ಹೇಳುವುದು ಕಡಿಮೆ. ಉದ್ದುದ್ದ ಮಲಗಿಸಿದ ಮೋಟಾರು, ಹಿಂಬದಿಯಲ್ಲಿ ಹಳಿ ಸೆಳೆಯಲೆಂದೇ ಪ್ರತ್ಯೇಕ ಮ್ಯಾಗ್ನೆಟ್‌ಗಳು. ಬಹಳಷ್ಟು ತಿರುವುಗಳಲ್ಲಿ ಬೆರಳು ಸಡಿಲಿಸುವ ಗೊಡವೆಯೇ ಇಲ್ಲ. ಆದರೆ ಹಳಿ ತಪ್ಪಿದರೆ ನೇರ ಮೇಜಿನಿಂದಾಚೆಗೆ. ಹೊರ ತಿರುವುಗಳಿಗೆ ಫೋಮಿನ ತಡೆಗೋಡೆ ಬೇಕೇ ಬೇಕು. ಮಕ್ಕಳಿಗೆ ಇದೇ ಇಷ್ಟವಾಗುತ್ತದೆ, ತಪ್ಪೇನಿಲ್ಲ.

ಮೂರಕ್ಕೂ ಒಂದೇ ಕಂಟ್ರೋಲರ್ ಸಾಕು ಎಂದುಕೊಂಡು ಬೇಸತ್ತವರು ಬಹಳ. ಟಿ-ಜೆಟ್‌ನ ಆರ್ಮೇಚರ್ ಎಳೆಯುವ ಕರೆಂಟು ಕಡಿಮೆ, ಅದಕ್ಕೆ 90 ಓಮ್ ರೋಧದ ಕಂಟ್ರೋಲರ್ ಸರಿ. 45 ಓಮ್‌ನದು ಕೊಟ್ಟರೆ ಚೂರು ಒತ್ತಿದಾಗಲೇ ಕಾರು ನುಗ್ಗುತ್ತದೆ. ಮ್ಯಾಗ್ನಾ-ಟ್ರ್ಯಾಕ್ಷನ್‌ಗೆ 60, ಟೈಕೊಗೆ 45 ಹೊಂದುತ್ತದೆ. ಇವಕ್ಕೆ 90 ಕೊಟ್ಟರೆ ಅರ್ಧ ಒತ್ತುವವರೆಗೂ ಕದಲದೆ, ಆಮೇಲೆ ಒಮ್ಮೆಲೇ ಚಿಮ್ಮುತ್ತವೆ.

ಭಾರತದಲ್ಲಿ ಓಡಿಸುವವರಿಗೆ ಒಂದು ಎಚ್ಚರಿಕೆ: ಹಳೆಯ ಅಮೆರಿಕನ್ ಸೆಟ್ಟಿನ ಪವರ್ ಪ್ಯಾಕ್ 120 ವೋಲ್ಟಿನದು, ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಅದನ್ನು ಪಕ್ಕಕ್ಕಿಟ್ಟು, ವೋಲ್ಟೇಜ್ ಬದಲಿಸಬಹುದಾದ 3 ಆಂಪಿಯರ್‌ನ ಡಿಸಿ ಸಪ್ಲೈಯನ್ನು ಪ್ರತಿ ಲೇನಿಗೂ ಒಂದೊಂದು ಹಾಕಿ. ಇಬ್ಬರಿಗೂ ಸೇರಿ ಒಂದೇ ಸಣ್ಣ ಸಪ್ಲೈ ಇದ್ದರೆ ಪಕ್ಕದವರ ಕಾರು ಹಳಿ ತಪ್ಪಿದ ಕ್ಷಣ ವೋಲ್ಟೇಜ್ ಏರಿ ನಿಮ್ಮದೂ ಹಾರುತ್ತದೆ. ಟಿ-ಜೆಟ್‌ಗಿಂತ ಮೊದಲಿನ, 1960ರ ವೈಬ್ರೇಟರ್ ಕಾರು ಸಿಕ್ಕಿದರೆ ನೆನಪಿರಲಿ, ಅದು ಎಸಿಯಲ್ಲಿ ಓಡುವಂಥದ್ದು. ಡಿಸಿ ಕೊಟ್ಟು ಕೆಟ್ಟಿದೆ ಎಂದು ಬಿಸಾಡಬೇಡಿ.

ಕರಾವಳಿಯ ಮಳೆಗಾಲದಲ್ಲಿ ಹಳಿಗೆ ತುಕ್ಕು ಬೇಗ. ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಮರಳು ಕಾಗದ ಬೇಡ. ಮೇಲಿನ ಲೇಪ ಹೋದರೆ ತುಕ್ಕು ಇನ್ನೂ ಬೇಗ ಹತ್ತುತ್ತದೆ. ಕಲ್ಲಾದ ಮೂಲ ಟೈರುಗಳ ಬದಲು ಸಿಲಿಕೋನ್ ಟೈರು ತೊಡಿಸಿದರೆ ಟಿ-ಜೆಟ್ ಗುರುತು ಸಿಗದಷ್ಟು ಸುಧಾರಿಸುತ್ತದೆ.

ಕೊಳ್ಳುವಾಗ ಬಣ್ಣ ನೋಡಿ ಮರುಳಾಗದೆ ಬಾಡಿಯ ಒಳಗೆ ಕಣ್ಣು ಹಾಯಿಸಿ. ಟಿ-ಜೆಟ್‌ನ ಬಾಡಿ ಎರಡು ಸ್ಕ್ರೂಗಳಲ್ಲಿ ನಿಲ್ಲುತ್ತದೆ. ಬಿಗಿ ಮಾಡಿ ಮಾಡಿ ಸ್ಕ್ರೂ ಕೂರುವ ಕಂಬ ಸೀಳಿದ್ದರೆ ಬೆಲೆ ಅರ್ಧಕ್ಕಿಳಿಸಿ ಕೇಳಿ.